ದೊಡ್ಡವ್ವನ ಕತ್ತಿಗೆ ಇಳಿದ ಮಿಷನ್ನು

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಆ ಮಿಷನ್ನು ದೊಡ್ಡವ್ವನ ದವಡೆಯಿಂದ ಕತ್ತಿಗೆ ಇಳಿಯಿತು. ಗಡಿಯಾರ ಅವಳ ತಲೆಯ ಮೇಲಿನ ಗೋಡೆಯಲ್ಲೇ ಇದ್ದದ್ದರಿಂದ ಎರಡನ್ನೂ ಒಟ್ಟಿಗೇ ನೋಡಿದೆ. ಆಮೇಲೆ ಎಷ್ಟೋ ದಿನ, ತರಗತಿಯಲ್ಲಾಗಲಿ ಒಲೆಯ ಮುಂದಾಗಲಿ, ಆ ಹೊತ್ತಿಗೆ ನನ್ನ ಕೈ ತಾನಾಗಿ ನಿಂತುಬಿಡುತ್ತಿತ್ತು.

ದೊಡ್ಡವ್ವ ನನ್ನ ಅವ್ವನ ಅಕ್ಕ. ಅರಕಲಗೂಡಿನಲ್ಲಿ ಮನೆ, ಊರಾಚೆ ಹೊಗೆಸೊಪ್ಪು, ಶುಂಠಿ ಬೆಳೆಯುವ ಜಮೀನು. ನಾನು ಹೊಳೆನರಸೀಪುರದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಅವ್ವ ಹೋದ ಮೇಲೆ ನನಗೆ ತವರು ಅಂದರೆ ದೊಡ್ಡವ್ವನೇ. ಹಿಂದಿನ ವರ್ಷ ಅವಳು ಎರಡು ಸಲ ನಿಂತಲ್ಲೇ ಕುಸಿದು ಬಿದ್ದಳು. ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎದೆಬಡಿತ ನಡುನಡುವೆ ನಿಂತೇ ಹೋಗುತ್ತಿದೆ ಎಂದು ಎಡ ಹೆಗಲ ಕೆಳಗೆ ಪೇಸ್‌ಮೇಕರ್ ಕೂರಿಸಿದರು. ಮನೆಗೆ ಕಳಿಸುವ ದಿನ ಡಾಕ್ಟರು ಹೇಳಿದ್ದನ್ನೆಲ್ಲ ಮಂಚದ ಪಕ್ಕ ನಿಂತು ಕೇಳಿಸಿಕೊಂಡವಳು ನಾನೇ. ಮೊಬೈಲನ್ನು ರವಿಕೆಯೊಳಗೆ ಇಟ್ಟುಕೊಳ್ಳಬೇಡಿ. ಮೈಗೆ ಕರೆಂಟು ಬಿಡುವ ಯಾವ ಸಾಮಾನನ್ನೂ ಹತ್ತಿರ ಸೇರಿಸಬೇಡಿ. ಎಲ್ಲೇ ಹೋದರೂ ಮೊದಲು ಇದನ್ನು ಹೇಳಿಬಿಡಿ.

ದೊಡ್ಡವ್ವ ತಲೆ ಆಡಿಸಿದಳು. ಕಾರು ಹತ್ತಿದ ಕೂಡಲೇ, "ಯಾರ್ಗೂ ಯೋಳ್ಬ್ಯಾಡ ಕಣ್ ಮಗ" ಅಂದಳು.

ದೊಡ್ಡವ್ವನ ಮಗಳಿಗೆ ಗಂಡು ನೋಡುತ್ತಿದ್ದರು. ತಾಯಿಗೆ ಎದೆ ಕಾಯಿಲೆ ಅಂದರೆ ಮಗಳಿಗೂ ಬರುತ್ತದೆ ಅನ್ನುತ್ತಾರೆ. ಸ್ವಲ್ಪ ದಿನದಲ್ಲೇ ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರದವರ ಮನೆಯಿಂದ ಸಂಬಂಧ ಕೂಡಿಬಂತು. ದೊಡ್ಡಪ್ಪ ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿಕೊಂಡು, "ತಾಳಿ ಬೀಳೋಗಂಟ ಒಬ್ರೂ ಬಾಯ್ ಬುಡಂಗಿಲ್ಲ" ಅಂದ. ಯಾರೂ ಬಿಡಲಿಲ್ಲ.

ಮದುವೆಗೆ ಸ್ವಲ್ಪ ದಿನ ಇರುವಾಗ ಗಂಡಿನ ಕಡೆಯ ಹೆಂಗಸರು ಸೀರೆ ತಂದರು. ಗಂಡಿನ ತಾಯಿ, ಅಕ್ಕ, ಇನ್ನೊಂದಷ್ಟು ನೆಂಟರು. ಆ ಅಕ್ಕ ಚನ್ನರಾಯಪಟ್ಟಣದಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಮಾತು ಚುರುಕು, ಕೈ ಇನ್ನೂ ಚುರುಕು. ಮದುವಣಗಿತ್ತಿಗೆಂದು ಅವಳು ಸೀರೆಯ ಜೊತೆ ಇನ್ನೊಂದು ಡಬ್ಬಿ ತಂದಿದ್ದಳು. ಒಳಗೆ ಅಂಗೈಯಷ್ಟು ದೊಡ್ಡ ಬಿಳಿಯ ಮಿಷನ್ನು. ತುದಿಯಲ್ಲಿ ಎರಡು ಲೋಹದ ಗುಂಡು. ಮುಖಕ್ಕೆ ಜೆಲ್ ಹಚ್ಚಿಕೊಂಡು ಆ ಗುಂಡುಗಳನ್ನು ಆಡಿಸಿದರೆ ಸಣ್ಣ ಕರೆಂಟು ಹರಿದು ಚರ್ಮದ ಕೆಳಗಿನ ಸ್ನಾಯು ಸೆಟೆದು ಸಡಿಲವಾಗುತ್ತದೆ.

"ಮನೇಲೇ ಕೂತ್ಕಂಡು ದಿನಾ ಒಸೊತ್ತು ಮಾಡ್ಕಳವ್ವ. ಮುಖ ಬಿಗಿ ಆಯ್ತದೆ. ಫೋಟೋದಲ್ಲಿ ಕೆನ್ನೆ ಜೋತ್ ಬೀಳಾಕಿಲ್ಲ."

"ಅವ್ಳ್ ಕೆನ್ನೆ ಎಲ್ ಜೋತ್ ಬಿದ್ದೈತೆ? ನಮ್ದು ನೋಡು, ಚೀಲ ಆಗ್ಬುಟ್ಟವೆ" ಅಂದಳು ಒಬ್ಬ ಮುದುಕಿ.

ನಮ್ಮ ಮನೆಗಳಲ್ಲಿ ಹೆಣ್ಣಿಗೆ ಹೊಸದಾಗಿ ಏನೇ ಬಂದರೂ ಮೊದಲು ಹಿರಿಯ ಮುತ್ತೈದೆಗೆ. ಸೀರೆಯಾದರೆ ಅವಳ ಹೆಗಲಿಗೆ, ಅರಿಶಿನವಾದರೆ ಅವಳ ಕೆನ್ನೆಗೆ, ಆಮೇಲೆ ಹೆಣ್ಣಿಗೆ. ಗಂಡಿನ ತಾಯಿ ಮಿಷನ್ನಿಗೂ ಒಂದು ಬೊಟ್ಟು ಕುಂಕುಮ ಇಟ್ಟು, "ಮೊದ್ಲು ಬೀಗ್ತಿಯೋರಿಗೆ ಮಾಡವ್ವ" ಅಂದರು. ದೊಡ್ಡವ್ವ ಬೇಡ ಅನ್ನಲಿಲ್ಲ. ಬೇಡ ಅಂದರೆ ಯಾಕೆ ಎಂದು ಕೇಳುತ್ತಾರೆ.

ನಾನಾಗ ಅಡುಗೆಮನೆಯಲ್ಲಿ ತಟ್ಟೆಗಳಿಗೆ ಕೇಸರಿಬಾತು ಹಾಕುತ್ತಿದ್ದೆ. ನಡುಮನೆಯಿಂದ ನಗು ಕೇಳುತ್ತಿತ್ತು. ತಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದೆ. ದೊಡ್ಡವ್ವ ಎದುರು ಗೋಡೆಗೆ ಒರಗಿ ಕೂತಿದ್ದಳು. ಮಿಷನ್ನು ಕೆನ್ನೆಯ ಮೇಲಿತ್ತು. ತುಟಿಯ ಒಂದು ತುದಿ ಎಗರಿ ಎಗರಿ ಬೀಳುತ್ತಿತ್ತು. ಅದರ ಜೊತೆಗೆ ಕಣ್ಣೂ.

"ನೋಡ್ರೇ, ಬೀಗ್ತಿ ಕಣ್ ಒಡೀತಾವ್ರೆ."

"ಯಾರ್ಗೆ? ಜಗಲೀಲಿ ಯಜಮಾನ್ರು ಕೂತವ್ರಲ್ಲ, ಅವ್ರಿಗೇಯ."

"ಅವ್ರ್ಗೆ ಕಣ್ ಒಡ್ದು ಏನ್ ಬಂತು ಬುಡು" ಅಂದಳು ದೊಡ್ಡವ್ವ, ಸೊಟ್ಟ ಬಾಯಲ್ಲೇ. "ಚರ್ಮದೊಳ್ಗೆ ಇರುವೆ ಅರಿದಂಗಾಯ್ತದೆ ಕಣವ್ವ."

ಆಗ ಅವಳು ನನ್ನನ್ನು ನೋಡಿದಳು. ತಲೆಯನ್ನು ಸ್ವಲ್ಪವೇ ಅಡ್ಡಕ್ಕೆ ಆಡಿಸಿದಳು. ಹೇಳಬೇಡ ಎಂದು. ಅಷ್ಟರಲ್ಲಿ ಗಂಡಿನ ಅಕ್ಕ ಪಾರ್ಲರಿನ ಅಭ್ಯಾಸದಂತೆ ಕೈಯನ್ನು ದವಡೆಯಿಂದ ಕತ್ತಿಗೆ, ಕತ್ತಿನಿಂದ ಹೆಗಲ ಮೂಳೆಯ ಕಡೆಗೆ ಇಳಿಸಿದಳು. ಹನ್ನೊಂದು ಇಪ್ಪತ್ತು.

"ತೆಗೀರಿ ಅದನ್ನ" ಅಂದೆ. ನಗುವಿನಲ್ಲಿ ನನಗೇ ಕೇಳಿಸಲಿಲ್ಲ. ನಡುವೆ ಚಾಪೆಯ ತುಂಬ ಹೆಂಗಸರು ಕಾಲು ಚಾಚಿ ಕೂತಿದ್ದರು, ಅವರಲ್ಲೊಬ್ಬಳು ಬಸುರಿ. ಕೂತವರನ್ನು ದಾಟಬಾರದು ಎಂದು ನಮಗೆ ಹೇಳಿ ಬೆಳೆಸಿದ್ದಾರೆ. ನಾನು ತಟ್ಟೆ ಇಟ್ಟು, ಗೋಡೆ ಬದಿಯಿಂದ ಸುತ್ತಿಕೊಂಡು ಹೋದೆ. ಈಗ ಮತ್ತೆ ಮತ್ತೆ ಕಾಣುವುದು ಅದೇ. ಎಷ್ಟೊಂದು ಕಾಲುಗಳು, ಕಾಲುಂಗುರ, ಕೆಂಪು ಬಣ್ಣದ ಉಗುರುಗಳು. ಒಂದೊಂದು ಸಲ ಮನಸ್ಸಿನಲ್ಲಿ ನಾನು ಎಲ್ಲರನ್ನೂ ದಾಟಿಕೊಂಡು ಓಡುತ್ತೇನೆ. ಆದರೂ ತಲುಪುವುದಿಲ್ಲ.

ದೊಡ್ಡವ್ವನ ತಲೆ ಪಕ್ಕಕ್ಕೆ ವಾಲಿತು. "ನಿದ್ದೇನೇ ಬಂದ್ಬುಡ್ತಲ್ಲ, ಅಷ್ಟ್ ಸುಖವಾಗೈತೆ" ಅಂದರು ಯಾರೋ. ಮತ್ತೆ ನಗು.

ನಾನು ಮಿಷನ್ನನ್ನು ಕಿತ್ತುಕೊಂಡೆ. ಜೆಲ್ಲಿಗೆ ಕೈ ಜಾರಿ ಅದು ಚಾಪೆಯ ಮೇಲೆ ಬಿದ್ದು ಗುಂಯ್‌ಗುಡುತ್ತಿತ್ತು. ಕತ್ತಿನ ಮೇಲೆ ಬೆರಳಿಟ್ಟೆ. ಬೆರಳಿನ ಕೆಳಗೆ ತಣ್ಣಗಿನ ಜೆಲ್ ಬಿಟ್ಟರೆ ಏನೂ ಇರಲಿಲ್ಲ. ಎಷ್ಟು ಹೊತ್ತೋ ನನಗೆ ಗೊತ್ತಿಲ್ಲ, ತುಂಬ ಇರಲಾರದು. ಆಮೇಲೆ ಒಂದು ಬಡಿತ. ಇನ್ನೊಂದು. ಆಮೇಲೆ ಒಂದೇ ಸಮ.

ಅವಳು ಕಣ್ಣು ಬಿಟ್ಟಳು. "ಯಾಕ್ ಮಗ, ಅಂಗ್ ನೋಡೀಯ?"

ದೊಡ್ಡಪ್ಪ ಒಳಗೆ ಬಂದು ಎಲ್ಲರ ಮುಖ ನೋಡಿದ. "ಏನಿಲ್ಲ ಏನಿಲ್ಲ. ಬೆಳಿಗ್ಗಿಂದ ಓಡಾಡ್ತಾವ್ಳೆ, ಒಟ್ಟೇಗೇನೂ ತಿಂದಿಲ್ಲ. ಒಸಿ ಸಕ್ರೆ ನೀರ್ ಕೊಡಿ, ಸರಿ ಓಯ್ತಳೆ." ಹೆಂಗಸರು ಸಕ್ಕರೆ ನೀರಿಗೆ ಎದ್ದರು.

"ಸಕ್ರೆ ನೀರಿಂದ ಆಗಲ್ಲ ದೊಡ್ಡಪ್ಪ. ದೊಡ್ಡವ್ವನ ಎದೇಲಿ ಪೇಸ್‌ಮೇಕರ್ ಐತೆ. ಈ ಮಿಷನ್ನಿಂದ ಹಿಂಗಾಗಿರೋದು. ಈಗ್ಲೇ ಹಾಸನಕ್ಕೆ ಹೋಗ್ಬೇಕು" ಅಂದೆ.

ನನ್ನ ದನಿ ಪಾಠ ಹೇಳುವ ದನಿಯಾಗಿತ್ತು. ಸೀರೆಯ ತಟ್ಟೆಯ ಮೇಲಿದ್ದ ಕೈಯನ್ನು ಗಂಡಿನ ತಾಯಿ ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡರು. ನನ್ನ ತಂಗಿ, ಮದುವಣಗಿತ್ತಿ, ನೆಲ ನೋಡುತ್ತಿದ್ದಳು. ಗಂಡಿನ ಅಕ್ಕ ಕೈಯ ಜೆಲ್ಲನ್ನು ತನ್ನ ರೇಷ್ಮೆ ಸೀರೆಗೇ ಒರೆಸಿಕೊಂಡು ಎದ್ದಳು. "ಕಾರು ಒರ್ಗಡೇನೇ ಐತೆ. ನಾನೇ ಓಡಿಸ್ತೀನಿ, ನಡೀರಿ."

ದಾರಿಯುದ್ದಕ್ಕೂ ಅವಳು ಜೋರಾಗಿಯೇ ಓಡಿಸಿದಳು. ನಾನು ಹಿಂದಿನ ಸೀಟಿನಲ್ಲಿ ದೊಡ್ಡವ್ವನ ಮಣಿಕಟ್ಟು ಹಿಡಿದುಕೊಂಡು ಕೂತಿದ್ದೆ. ಮೆಕ್ಕೆಜೋಳದ ಹೊಲಗಳು ಹಿಂದೆ ಹೋಗುತ್ತಿದ್ದವು.

"ಪಾರ್ಲರ್ಗೆ ಬಂದೋರ್ನೆಲ್ಲ ಮೊದ್ಲು ಕೇಳ್ತೀನಿ ಅಕ್ಕ" ಅಂದಳು ಗಂಡಿನ ಅಕ್ಕ, ಕನ್ನಡಿಯಲ್ಲಿ ನನ್ನನ್ನು ನೋಡುತ್ತ. "ಬಸುರಿಯಾ, ಎದೇಲಿ ಏನಾರ ಆಕ್ಸಿದೀರಾ, ಎಲ್ಲ ಕೇಳೇ ಮುಟ್ಟೋದು. ಇವತ್ತು ಕೇಳಾಕೆ ಬಾಯ್ ಬರ್ಲಿಲ್ಲ. ಸೀರೆ ತಂದ ಮನೇಲಿ ಬೀಗ್ತಿಗೆ ಕಾಯಿಲೆ ಐತಾ ಅಂತ ಎಂಗ್ ಕೇಳಾದು?"

"ನೀ ಕೇಳಿದ್ರೂ ನಾ ಇಲ್ಲ ಅಂತಿದ್ದೆ ಬುಡವ್ವ" ಅಂದಳು ದೊಡ್ಡವ್ವ.

ಸ್ವಲ್ಪ ದೂರ ಹೋದ ಮೇಲೆ ಅವಳೇ, "ಗಂಡು ಎಣ್ಣಿನ ಜಾತ್ಕ ಕೂಡ್ತು. ನಿನ್ ಮಿಷನ್ಗೂ ನನ್ ಮಿಷನ್ಗೂ ಕೂಡ್ಲಿಲ್ಲ ನೋಡು" ಅಂದಳು. ಗಂಡಿನ ಅಕ್ಕ ನಕ್ಕಳು. ನಗುತ್ತಲೇ ಅಳತೊಡಗಿದಳು. ಕಾರು ನಿಲ್ಲಿಸಲಿಲ್ಲ. ನನಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ.

ಹಾಸನದಲ್ಲಿ ಅವಳ ಹೆಗಲ ಮೇಲೆ ಒಂದು ಸಲಕರಣೆ ಇಟ್ಟು ಪೇಸ್‌ಮೇಕರನ್ನು ಪರೀಕ್ಷೆ ಮಾಡಿದರು. ಕೆಟ್ಟಿರಲಿಲ್ಲ. ಮುಖದ ಮಿಷನ್ನಿನ ಕರೆಂಟನ್ನು ಅದು ಎದೆಯದೇ ಬಡಿತ ಎಂದುಕೊಂಡು, ನನ್ನ ಕೆಲಸ ಬೇಕಿಲ್ಲ ಎಂದು ಸುಮ್ಮನಾಗಿತ್ತು, ಅಷ್ಟೆ. ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಆಡಿಸಿದ್ದರೆ, ಎಂದು ಡಾಕ್ಟರು ಮಾತು ನಿಲ್ಲಿಸಿದರು. ಒಂದು ದಿನ ಇಟ್ಟುಕೊಂಡು ಕಳಿಸಿದರು.

ಮದುವೆ ನಿಲ್ಲಲಿಲ್ಲ. ಗಂಡಿನ ತಾಯಿ ಬಂದು, "ಎದೆ ಕೆಟ್ಟಿದ್ದು ತಪ್ಪಲ್ಲ. ನಮ್ಮುನ್ನ ಒರ್ಗಿನೋರು ಅಂದ್ಕಂಡ್ರಲ್ಲ, ಅದು" ಎಂದು ಹೇಳಿ ಕಾಫಿ ಕುಡಿದು ಹೋದರು. ಆದರೆ ಎರಡೂ ಮನೆಯವರು ಕೂತು ಇನ್ನೊಂದು ಮಾತಾಡಿಕೊಂಡರು. ಅವತ್ತು ಅಲ್ಲಿದ್ದವರನ್ನು ಬಿಟ್ಟು ಉಳಿದ ನೆಂಟರಿಷ್ಟರಿಗೆ ಗೊತ್ತಾಗುವುದು ಬೇಡ. ದೊಡ್ಡವ್ವ ಅದಕ್ಕೂ ತಲೆ ಆಡಿಸಿದಳು. ದೊಡ್ಡಪ್ಪ ನನ್ನ ಜೊತೆ ಮಾತು ಬಿಟ್ಟಿದ್ದ. ಮದುವೆಯಲ್ಲಿ ತಾಂಬೂಲ ಕೊಡುವಾಗಲೂ ಚಪ್ಪರ ನೋಡುತ್ತಿದ್ದ.

ನನಗೆ ನಿದ್ದೆ ಕೆಟ್ಟದ್ದು ದೊಡ್ಡವ್ವ ಹಾಗೆ ತಲೆ ಆಡಿಸಿದ್ದಕ್ಕೆ. ಅವಳು ಮುಚ್ಚಿಡುವವರೆಗೂ ಯಾವ ಮನೆಯಲ್ಲಾದರೂ, ಯಾರ ಕೈಯಾದರೂ, ಪ್ರೀತಿಯಿಂದಲೇ ಅವಳನ್ನು ಕೊಂದುಬಿಡಬಹುದಿತ್ತು. ಮಲಗಿದರೆ ಸ್ವಲ್ಪ ಹೊತ್ತಿಗೇ ಎಚ್ಚರ. ಎದ್ದು ಕೂತು ನನ್ನ ಕತ್ತನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ತರಗತಿಯಲ್ಲಿ ಹೃದಯದ ಪಾಠ ಬಂತು. ಬೋರ್ಡಿನ ಮೇಲೆ ನಾಲ್ಕು ಕೋಣೆ ಬರೆದು, ಬಡಿತ ಎಲ್ಲಿಂದ ಶುರುವಾಗುತ್ತದೆ ಎಂದು ಗುರುತು ಹಾಕುವ ಜಾಗಕ್ಕೆ ಬಂದಾಗ, ಉಳಿದದ್ದನ್ನು ಪುಸ್ತಕ ನೋಡಿ ಬರೆದುಕೊಳ್ಳಿ ಅಂದೆ. ನನಗೆ ದುಃಖ ಆಗಿರಲಿಲ್ಲ. ಏನೂ ಆಗಿರಲಿಲ್ಲ. ಮೈ ಮರಗಟ್ಟಿದ ಹಾಗಿತ್ತು.

ಬೆಳಗಾಗುತ್ತಲೇ ಅರಕಲಗೂಡಿಗೆ ಫೋನ್ ಮಾಡುತ್ತಿದ್ದೆ.

"ಇನ್ನೂ ಇವ್ನಿ ಕಣ್ ಮಗ" ಅನ್ನುತ್ತಿದ್ದಳು ದೊಡ್ಡವ್ವ, ನಾನು ಬಾಯಿ ತೆರೆಯುವ ಮೊದಲೇ. "ಅದೇನ್ ಕೋಳಿ ಕೂಗೋ ಒತ್ಗೇ ಬದ್ಕವಳಾ ಅಂತ ವಿಚಾರ್ಸೀಯೆ?"

"ಯಾರಾದ್ರೂ ಏನಾದ್ರೂ ತಂದ್ರೆ ಹೇಳು ದೊಡ್ಡವ್ವ."

"ಯಾರ್ ಏನ್ ತತ್ತರೆ ಬುಡು."

ಮದುವೆಯಾದ ಮೇಲೆ ಒಂದು ಭಾನುವಾರ ಚನ್ನರಾಯಪಟ್ಟಣದಲ್ಲಿ ಬೀಗರ ಊಟ. ನಾನು ಹೊಳೆನರಸೀಪುರದಿಂದ ಬಸ್ಸಿನಲ್ಲಿ ಹೋದೆ. ಊಟಕ್ಕೆ ಮುಂಚೆ ಹೆಂಗಸರೆಲ್ಲ ಒಳಗಿನ ಕೋಣೆಯಲ್ಲಿ ಕೂತಿದ್ದರು. ದೊಡ್ಡವ್ವ ಸೊಂಟ ಹಿಡಿದುಕೊಂಡು ಕೂರುವುದನ್ನು ನೋಡಿ ನುಗ್ಗೇಹಳ್ಳಿಯಿಂದ ಬಂದಿದ್ದ ಗಂಡಿನ ಕಡೆಯ ನೆಂಟರೊಬ್ಬರು ಚೀಲದಿಂದ ಒಂದು ಬೆಲ್ಟು ತೆಗೆದರು.

"ಇದ್ನ ಕಟ್ಕಂಡು ನೋಡಿ ಬೀಗ್ತಿ. ಕರೆಂಟು ಜುಮ್ ಅಂತದೆ, ನೋವು ಎಲ್ಲೋಯ್ತು ಅಂತ ಗೊತ್ತಾಗಾಕಿಲ್ಲ. ನಾ ದಿನಾ ಕಟ್ಟೋದು."

ನಾನು ಕೋಣೆಯ ಈ ತುದಿಯಲ್ಲಿದ್ದೆ. ಏಳಲೆಂದು ನೆಲಕ್ಕೆ ಕೈಯೂರಿದೆ. ದೊಡ್ಡಪ್ಪ ಬಾಗಿಲಲ್ಲೇ ನಿಂತಿದ್ದ. ದೊಡ್ಡವ್ವ ಅವನನ್ನು ನೋಡಿದಳು, ನನ್ನನ್ನು ನೋಡಲಿಲ್ಲ.

"ಬ್ಯಾಡ ಕಣವ್ವ" ಅಂದಳು. "ನನ್ ಎದೇಲಿ ಮಿಷನ್ ಕೂರ್ಸವ್ರೆ. ಕರೆಂಟಿಂದು ಯಾವ್ದೂ ನಂಗಾಗಾಕಿಲ್ಲ. ದೂರ ಮಡಗು ಅದ್ನ."

ಹೇಳಿ ಸೆರಗು ಸರಿಸಿ ಹೆಗಲ ಕೆಳಗಿನ ಉಬ್ಬನ್ನು ತೋರಿಸಿದಳು. ಹೆಂಗಸರು ಹತ್ತಿರ ಬಂದರು.

"ಸೋಪಿನ್ ಬಿಲ್ಲೆ ಇದ್ದಂಗೈತಲ್ಲ. ಬ್ಯಾಟ್ರಿನಾ? ಎಷ್ಟ್ ದಿನ ಬತ್ತದೆ?"

"ನಿನ್ಗಿಂತ ಜಾಸ್ತಿ ಬತ್ತದೆ, ಸುಮ್ಕೆ ಕೂತ್ಕ."

ಅವರು ನಕ್ಕರು. ದೊಡ್ಡಪ್ಪ, ಎಲೆ ಹಾಕಿದ್ದಾರೆ ಬನ್ನಿ ಎಂದು ಕರೆದು ಹೊರಗೆ ಹೋದ. ನುಗ್ಗೇಹಳ್ಳಿಯವರು ಬೆಲ್ಟನ್ನು ಚೀಲಕ್ಕೆ ಹಾಕಿ, ಚೀಲವನ್ನು ಕೋಣೆಯಿಂದಲೇ ಆಚೆ ಇಟ್ಟು ಬಂದರು. ಊಟಕ್ಕೆ ಹೋಗುವ ದಾರಿಯಲ್ಲಿ ಒಬ್ಬರು ಇನ್ನೊಬ್ಬರಿಗೆ ಅದನ್ನೇ ಹೇಳುತ್ತಿದ್ದರು. ಕೈ ತೊಳೆಯುವ ಹೊತ್ತಿಗೆ ಚಪ್ಪರದಲ್ಲಿ ಅರ್ಧ ಜನಕ್ಕೆ ಗೊತ್ತಾಗಿತ್ತು.

ನಾನು ಮುದ್ದೆ, ಮಾಂಸದ ಸಾರು ಎಲ್ಲ ಉಂಡೆ. ಸಂಜೆಯ ಬಸ್ಸಿಗೆ ಊರಿಗೆ ಬಂದೆ. ಕಾಲು ತೊಳೆದು ಮಲಗಿದೆ. ಸೋಮವಾರ ನನ್ನ ಗಂಡ ಭುಜ ಅಲುಗಿಸಿ, "ಕಾಲೇಜಿಗೆ ಹೋಗಲ್ವಾ?" ಅಂದಾಗ ಕಿಟಕಿಯ ಬಿಸಿಲು ಹಾಸಿಗೆಯ ಮೇಲಿತ್ತು. ರಾತ್ರಿ ಒಮ್ಮೆಯೂ ಎಚ್ಚರವಾಗಿರಲಿಲ್ಲ.