ಕಂಠಮಟ್ಟ ತುಂಬಿದ ಜಾಡಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಸ್ಟಿನ್ನಿನಲ್ಲಿ ಓದುವಾಗ ನನ್ನ ಜೊತೆ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದ ಸೀನಿಯರ್‌ಗೆ ಕೂಡಿಬರುತ್ತಿದ್ದ ಮದುವೆಯ ಸಂಬಂಧವನ್ನು ತಪ್ಪಿಸಿದವನು ನಾನು. ಅದೂ ಮೂರು ಜನರನ್ನು ನಗಿಸುವ ಚಪಲಕ್ಕೆ.

ಹೋದ ಶನಿವಾರ ಇಲ್ಲಿ ಹ್ಯೂಸ್ಟನ್ನಿನಲ್ಲಿ ಸಹೋದ್ಯೋಗಿಯೊಬ್ಬನ ಗ್ಯಾರೇಜಿಗೆ ಕಾಲಿಟ್ಟಾಗ ಆ ವಾಸನೆ ಬಂತು: ಹುಳಿ ಬಂದ ದ್ರಾಕ್ಷಿ, ನೆನೆದ ಬ್ರೆಡ್ಡು, ಮೇಲೊಂದಿಷ್ಟು ಸ್ಪಿರಿಟ್ಟು. ಮೂಲೆಯಲ್ಲಿ ಗಾಜಿನ ಜಾಡಿಯೊಂದು ಗುಳುಕ್ ಗುಳುಕ್ ಎನ್ನುತ್ತಿತ್ತು. ಮನೆಯಲ್ಲೇ ವೈನ್ ಮಾಡುವ ಕಿಟ್ಟು ತಂದಿದ್ದೇನೆ ಎಂದು ಅವನು ಹೆಮ್ಮೆಯಿಂದ ಹೇಳಿದ. ಬೇರೆ ದಿನವಾಗಿದ್ದರೆ ಎಳೆದೆಳೆದು ಆಡುವ ಅವನ ಟೆಕ್ಸಸ್ ಇಂಗ್ಲಿಷನ್ನು ಅವನೆದುರಿಗೇ ಅಣಕಿಸುತ್ತಿದ್ದೆ. ಅವತ್ತು ಜಾಡಿಯನ್ನೇ ನೋಡುತ್ತ ನಿಂತೆ...

ಏಳು ವರ್ಷದ ಹಿಂದಿನ ಮಾತು, ೧೯೮೪ನೆಯ ಇಸವಿ. ಸೀನಿಯರ್ ಧಾರವಾಡದ ಕಡೆಯವರು, ಸಿವಿಲ್‌ನಲ್ಲಿ ಪಿಎಚ್‌ಡಿ ಮುಗಿಸುತ್ತಿದ್ದರು. ಮೊಟ್ಟೆ ಇದ್ದೀತೆಂಬ ಅನುಮಾನಕ್ಕೆ ಕೇಕನ್ನೇ ಬಿಟ್ಟವರು. ಮೆಕ್ಸಿಕನ್ ಅಂಗಡಿಯ ಮೆಕ್ಕೆಜೋಳದ ಹಿಟ್ಟಿನಲ್ಲಿ ಹಟ ಹಿಡಿದು ರೊಟ್ಟಿ ಬಡಿಯುತ್ತಿದ್ದರು. ಮೈಸೂರಿನ ನಾನು ತಿಂದು, ಪಾತ್ರೆ ತೊಳೆದು, ಅವರು ರೊಟ್ಟಿ ಬಡಿಯುವುದನ್ನು ಅಭಿನಯಿಸಿ ತೋರಿಸುತ್ತಿದ್ದೆ. ನನ್ನನ್ನು ಅವರು ಕರೆಯುತ್ತಿದ್ದುದು ‘ತಮ್ಮಾ’ ಎಂದು.

ಒಂದು ದಿನ ನಾನೂ ಕಿಟ್ಟು ತಂದೆ. ಡಬ್ಬಿಯಲ್ಲಿ ಮಂದವಾದ ದ್ರಾಕ್ಷಿರಸ, ಪೊಟ್ಟಣದಲ್ಲಿ ಯೀಸ್ಟ್, ಒಂದು ಗಾಜಿನ ಜಾಡಿ, ಅದರ ಬಾಯಿಗೆ ಸಿಕ್ಕಿಸಿ ಒಳಗಿನ ಗಾಳಿ ಹೊರಬಿಡಲು ನೀರು ತುಂಬಿದ ಪುಟ್ಟ ನಳಿಗೆ. ಸೂಚನೆಯ ಹಾಳೆಯನ್ನು ಅರ್ಧ ಓದಿ, ನಮ್ಮಮ್ಮ ಹಂಡೆಗೆ ನೀರು ತುಂಬಿಸುತ್ತಿದ್ದಂತೆ ಜಾಡಿಯನ್ನು ಕಂಠಮಟ್ಟ ತುಂಬಿಸಿದೆ. ಪಾತ್ರೆ ಅರೆಖಾಲಿ ಬಿಡುವುದು ನಮ್ಮ ಮನೆಯಲ್ಲಿ ದರಿದ್ರದ ಲಕ್ಷಣ.

“ಅಡಗಿ ಮನ್ಯಾಗ ಸೆರೆ ಅಂಗಡಿ ಇಟ್ಟೀಯಲ್ಲೋ ತಮ್ಮಾ,” ಎಂದರು ಸೀನಿಯರ್.

“ದ್ರಾಕ್ಷಿ ಕಷಾಯ, ಸೀನಿಯರ್. ನೆಗಡಿಗೆ ಒಳ್ಳೇದು.”

ಮೂರನೆಯ ದಿನ ನೋಡಿದರೆ ಜಾಡಿಯಲ್ಲಿ ಎರಡು ಬೆರಳಷ್ಟು ಕಡಿಮೆ. ಹೊರಗೆ ಟೇಪಿನ ತುಂಡೊಂದನ್ನು ಗುರುತಿಗೆ ಅಂಟಿಸಿದೆ. ಮರುದಿನ ಸಂಜೆ ಟೇಪಿನಿಂದ ಮತ್ತೆ ಒಂದು ಬೆರಳು ಕೆಳಗೆ. ಮನೆಯಲ್ಲಿದ್ದವರು ಇಬ್ಬರು, ಅದರಲ್ಲಿ ಒಬ್ಬ ನಾನು. ಉಳಿದವರ ಮೇಲೆ ಕಣ್ಣಿಟ್ಟೆ. ಅವರ ಟವೆಲಿನಲ್ಲಿ ನೇರಳೆ ಕಲೆ. ಅಂಗಿಯ ತೋಳಿನಲ್ಲಿ ಅದೇ ವಾಸನೆ. ಜಾಡಿ ನಾನಿಟ್ಟ ಜಾಗದಲ್ಲಿಲ್ಲ, ಅದರ ಸುತ್ತ ಈಗಷ್ಟೇ ಒರೆಸಿದ ಹಸಿ ನೆಲ. ಕದ್ದು ಕುಡಿಯುವವನಲ್ಲದೆ ಇನ್ನಾರು ಇಷ್ಟು ಶುದ್ಧವಾಗಿ ನೆಲ ಒರೆಸುತ್ತಾರೆ ಎಂದು ನನ್ನ ತರ್ಕ.

“ಜಾಡಿ ಯಾರೋ ಮುಟ್ಟಿದ ಹಾಗಿದೆ, ಸೀನಿಯರ್.”

“ರೊಟ್ಟಿ ಆರ್ತಾವ, ಉಣ್ಣು,” ಎಂದರು, ಮುಖ ಕೊಡದೆ. ನನಗೆ ಅಷ್ಟು ಸಾಕಾಯಿತು.

ಆ ಭಾನುವಾರ, ನಮ್ಮಂಥ ಕನ್ನಡದ ಹುಡುಗರಿಗೆ ಅಲ್ಲಿ ಹಿರಿಯರಂತಿದ್ದ ಡಾಕ್ಟರ್ ಅಂಕಲ್, ಆಂಟಿ ಹ್ಯೂಸ್ಟನ್ನಿನಿಂದ ನಮ್ಮಲ್ಲಿಗೆ ಊಟಕ್ಕೆ ಡ್ರೈವ್ ಮಾಡಿಕೊಂಡು ಬಂದರು. ಹುಬ್ಬಳ್ಳಿಯ ಹುಡುಗಿಯೊಬ್ಬಳ ತಂದೆ ಅಂಕಲ್‌ಗೆ ಕಾಗದ ಬರೆದಿದ್ದರು: ಹುಡುಗ ಹೇಗೆ, ಕುಡಿತ ಗಿಡಿತ ಇದೆಯೇ, ಕಣ್ಣಾರೆ ನೋಡಿ ತಿಳಿಸಿ. ಆಗ ಅಮೆರಿಕದ ವರಗಳ ವಿಚಾರಣೆ ನಡೆಯುತ್ತಿದ್ದುದೇ ಹೀಗೆ. ನನಗೂ ಇದು ಗೊತ್ತಿತ್ತು. ಹುಡುಗಿಯ ಫೋಟೋವನ್ನು ಸೀನಿಯರ್ ನನಗೊಬ್ಬನಿಗೇ ತೋರಿಸಿದ್ದರು. ಆ ವಾರವಿಡೀ ಲೆಕ್ಕದ ಪುಸ್ತಕದೊಳಗೆ ಅದನ್ನೇ ಇಟ್ಟುಕೊಂಡು ಓದುತ್ತಿದ್ದರು.

ಊಟದ ನಡುವೆ ಆಂಟಿ, “ಏನೋ, ಯಾರದ್ದಾದ್ರೂ ಮಿಮಿಕ್ರಿ ಮಾಡೋ,” ಎಂದರು. ನಮ್ಮ ಪ್ರೊಫೆಸರನ್ನು ಮಾಡಿದೆ. ಆಂಟಿ ಹೈವೇಯಲ್ಲಿ ಸ್ಟಿಯರಿಂಗ್ ತಬ್ಬಿಕೊಳ್ಳುವುದನ್ನು ಮಾಡಿದೆ. ವೀಸಾ ಆಫೀಸರ್ ಮುಂದೆ ತೊದಲಿದ ನನ್ನನ್ನೇ ಮಾಡಿದೆ. ನಗು ಏರುತ್ತಿತ್ತು, ನಿಲ್ಲಿಸಲಾಗಲಿಲ್ಲ. ಕಳ್ಳಹೆಜ್ಜೆಯಲ್ಲಿ ಜಾಡಿಯ ಹತ್ತಿರ ಹೋಗಿ, ಎತ್ತಿ ಕುಡಿದಂತೆ ಮಾಡಿ, ಟವೆಲಿನಲ್ಲಿ ಬಾಯಿ ಒರೆಸಿ, ಸೀನಿಯರ್ ದನಿಯಲ್ಲೇ, “ಶಿವಾ ಶಿವಾ, ಇನ್ನೊಂದ ಗುಟುಕು ಅಷ್ಟ” ಎಂದೆ.

ಆಂಟಿ ಕಣ್ಣೊರೆಸಿಕೊಂಡು ನಕ್ಕರು. ಅಂಕಲ್ ನಗಲಿಲ್ಲ.

“ನಿಜವಾಗ್ಲೂ ಕುಡಿತಾನಾ?”

“ಜಾಡಿಯಲ್ಲಿ ದಿನಾ ಇಳೀತಿದೆ ಅಂಕಲ್,” ಎಂದೆ.

ಮಜ್ಜಿಗೆಯ ಚೊಂಬು ಹಿಡಿದು ನಿಂತಿದ್ದ ಸೀನಿಯರ್ ನನ್ನನ್ನೊಮ್ಮೆ ನೋಡಿದರು. ಆಮೇಲೆ ಬಾಗಿ, “ಮಜ್ಜಿಗಿ ಹಾಕ್ಲೇನ್ರಿ?” ಎಂದರು. ಅಂಕಲ್ ಲೋಟದ ಮೇಲೆ ಅಂಗೈ ಮುಚ್ಚಿದರು.

ಮರುದಿನ ನನಗೆ ಕ್ಲಾಸಿರಲಿಲ್ಲ. ಮಧ್ಯಾಹ್ನ ಅಡುಗೆಮನೆಯಲ್ಲಿ ನಿಂತಿದ್ದಾಗ ನನ್ನ ಕಣ್ಣೆದುರಿಗೇ ಜಾಡಿಯ ನೊರೆ ಉಕ್ಕಿತು. ನಳಿಗೆಯಿಂದ ಹೊರಬಂದು, ಗಾಜಿನ ಮೇಲಿಳಿದು, ನೆಲದ ತುಂಬ ನೇರಳೆ. ಕೈಗೆ ಸಿಕ್ಕ ಟವೆಲಿನಿಂದ ಒರೆಸಿದೆ, ಕಲೆಯಾಯಿತು. ತೋಳು ಮೂಸಿಕೊಂಡೆ, ಅದೇ ವಾಸನೆ. ಆಗ ಹಾಳೆಯ ಉಳಿದರ್ಧ ಓದಿದೆ: ಮೊದಲ ವಾರ ನೊರೆ ಏರುತ್ತದೆ, ಮೇಲೆ ನಾಲ್ಕು ಬೆರಳು ಖಾಲಿ ಬಿಡಿ.

ಸಂಜೆ ಸೀನಿಯರ್ ಬಂದಾಗ ಕೇಳಿದೆ, “ಉಕ್ಕಿತು ಅಂತ ಯಾಕೆ ಹೇಳ್ಲಿಲ್ಲ ನೀವು?”

“ಅಷ್ಟ ಖುಷೀಲೆ ಮಾಡಿದ್ದಿ. ಕೆಟ್ಟೈತಿ ಅಂತ ಹೆಂಗ ಹೇಳ್ಲಿ.”

“ನಿನ್ನೆ ಅಂಕಲ್ ಮುಂದೆ?”

“ನಗೋ ಮಂದಿ ಮುಂದ ಏನಂತ ಹೇಳ್ಬೇಕಿತ್ತು?”

ಹ್ಯೂಸ್ಟನ್ನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. “ಪಕ್ಕದಲ್ಲಿ ನಿಂತು ಅವನೇ ಹೇಳಿಸ್ತಿದ್ದಾನಾ?” ಎಂದರು ಅಂಕಲ್. ಇಲ್ಲ ಎಂದೆ. “ಕಾಗದ ಬೆಳಿಗ್ಗೆನೇ ಪೋಸ್ಟ್ ಮಾಡಿಯಾಯ್ತು. ಹುಡುಗಿ ಬಾಳಿನ ವಿಷಯ ಕಣಯ್ಯಾ. ಇನ್ನೊಂದು ಬರೀ ಅಂದ್ರೆ, ನಿನ್ನ ಯಾವ ಮಾತು ನಂಬಿ ಬರೀಲಿ?”

ಹುಬ್ಬಳ್ಳಿಯಿಂದ ಜಾತಕ ಕೂಡಲಿಲ್ಲವೆಂದು ಏರೋಗ್ರಾಮ್ ಕಾಗದ ಬಂತು. ಸೀನಿಯರ್ ಪುಸ್ತಕದಿಂದ ಫೋಟೋ ತೆಗೆದು, ಲಕೋಟೆಗೆ ಹಾಕಿ, ವಿಳಾಸ ಬರೆದು ವಾಪಸು ಕಳಿಸಿದರು. ಆ ಸಂಜೆಯೂ ಇಬ್ಬರಿಗೂ ಸೇರಿಸಿಯೇ ರೊಟ್ಟಿ ಬಡಿದರು. ಮೂರು ತಿಂಗಳಿಗೆ ಡಲ್ಲಾಸಿನಲ್ಲಿ ಕೆಲಸ ಸಿಕ್ಕಿ ಶಿಫ್ಟ್ ಆದರು. ಡಲ್ಲಾಸ್ ಏನು ದೂರ... ಹೋಗಬಹುದಿತ್ತು. ಹೋಗಲಿಲ್ಲ.

ಆ ಗ್ಯಾರೇಜಿನಿಂದ ಮನೆಗೆ ಬಂದವನು ಅವರಿವರನ್ನು ಕೇಳಿ ನಂಬರ್ ಪಡೆದು ಡಯಲ್ ಮಾಡಿದೆ. ಅವರೇ ಎತ್ತಿದರು. ಆಸ್ಟಿನ್ನಿನವನು ಎಂದೆ, ಹೆಸರು ಹೇಳಿದೆ, ಕ್ಷಮಿಸಿ ಎಂದೆ. ಇದೂ ನನ್ನ ಮಿಮಿಕ್ರಿ ಆಟವೆಂದು ತಿಳಿದರೇನೋ ಎಂದು ಹೆದರಿ, “ಸೀನಿಯರ್, ನಿಜವಾಗ್ಲೂ ನಾನೇ ಮಾತಾಡ್ತಿರೋದು,” ಎಂದೆ.

ಅವರು ಉತ್ತರಿಸಿದ್ದು ಅಪರಿಚಿತರೊಡನೆ ಆಡುವ ಬಹುವಚನದಲ್ಲಿ. ಇನ್ನು ನನ್ನನ್ನು ‘ತಮ್ಮಾ’ ಎನ್ನುವವರು ಈ ದೇಶದಲ್ಲಿ ಯಾರೂ ಇಲ್ಲವೆಂದು ಆಗಲೇ ತಿಳಿಯಿತು.

“ಇರಬಹುದ್ರಿ. ಆದ್ರ ನಿಮ್ಮ ಸ್ವಂತ ದನಿ ನಾ ಎಂದೂ ಕೇಳಿಲ್ಲ ನೋಡ್ರಿ, ಹೆಂಗ ಗುರ್ತ ಹಿಡೀಲಿ.”