ಸ್ಟೇಷನ್ನಿನಲ್ಲಿದ್ದ ರಿವಾಲ್ವರ್

ಆ ಸಂಜೆ ರಿವಾಲ್ವರ್ ಸ್ಟೇಷನ್ನಿನಲ್ಲಿರಲಿಲ್ಲ, ಪದ್ಮಾ. ನನ್ನ ಸೊಂಟದಲ್ಲಿತ್ತು. ಸರಗಳ್ಳರು ಎಳೆದು ಕೆಡವಿದ ರಸ್ತೆಯ ಮೇಲೆ ಬಿದ್ದುಕೊಂಡೇ ನೀನು ಸೇರಿದ ಜನಕ್ಕೆಲ್ಲ ನನ್ನ ಪರವಾಗಿ ಸಾಕ್ಷಿ ಹೇಳುತ್ತಿದ್ದೆಯಲ್ಲ — "ನಮ್ಮನೆಯವರ ಹತ್ರ ರಿವಾಲ್ವರ್ ಇದೆ, ಎಲೆಕ್ಷನ್ ಅಂತ ಸ್ಟೇಷನ್ನಲ್ಲಿ ಕೊಟ್ಟಿದ್ದಾರೆ" — ಆಗಲೂ ಅದು ನನ್ನ ಅಂಗಿಯ ಕೆಳಗೆ ಬೆಚ್ಚಗೆ ಕೂತಿತ್ತು. ನಾನು ಹೌದೆಂದು ತಲೆಯಾಡಿಸಿದೆ. ಅಂದಿನಿಂದ ಇಂದಿನವರೆಗೂ ಆಡಿಸುತ್ತಲೇ ಇದ್ದೇನೆ.

ಮೊದಲಿನಿಂದ ಹೇಳುತ್ತೇನೆ. ನಿನ್ನ ಗಂಡನ ಬಗ್ಗೆ ನಿನಗೆ ಗೊತ್ತಿರುವುದು ಬೇರೆಯೇ ಕಥೆ.

ನಾನು ಪ್ಲೈವುಡ್ ಮಾರುವವನು. ಜೆ.ಪಿ. ನಗರದ ಅಂಗಡಿಯಿಂದ ಬ್ಯಾಂಕಿಗೆ ಹಣ ಒಯ್ಯುವಾಗ ಪ್ರಾಣಭಯವಿದೆ ಎಂದು ಅರ್ಜಿ ಬರೆದು ಲೈಸೆನ್ಸ್ ಮಾಡಿಸಿಕೊಂಡೆ. ಎಂಥ ಪ್ರಾಣಭಯ? ಅಂಗಡಿಗೂ ಬ್ಯಾಂಕಿಗೂ ನಡುವೆ ಇದ್ದದ್ದು ಒಂದು ಎಳನೀರಿನ ಗಾಡಿ, ಒಂದು ಜೆರಾಕ್ಸ್ ಅಂಗಡಿ. ಆದರೂ ಲೈಸೆನ್ಸ್ ಸಿಕ್ಕಿತು. ತ್ಯಾಗರಾಜನಗರದ ರಿಟೈರ್ಡ್ ಅಧಿಕಾರಿಯೊಬ್ಬರು ತಮ್ಮ ಹಳೆಯ ವಿದೇಶಿ ರಿವಾಲ್ವರ್ ಮಾರುತ್ತಿದ್ದರು — ಗಿಡ್ಡ ಮೂತಿ, ಐದು ಗುಂಡು, ಕೈ ಉಜ್ಜಿ ನುಣುಪಾದ ಮರದ ಹಿಡಿ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಅದನ್ನು ಕೈಗೆ ತೆಗೆದುಕೊಂಡ ಕ್ಷಣ ನನ್ನ ಎದೆ ಒಂದು ಇಂಚು ಮುಂದೆ ಬಂತು. ಅರವತ್ತಕ್ಕೆ ಹತ್ತಿರವಾದ, ಸಕ್ಕರೆ ಕಾಯಿಲೆಯ, ಎರಡು ಮಹಡಿ ಹತ್ತಿದರೆ ಏದುಸಿರು ಬಿಡುವ ಮನುಷ್ಯನ ಎದೆ.

ಊರಾಚೆಯ ಶೂಟಿಂಗ್ ರೇಂಜಿಗೆ ಹೋಗಿ ಗುಂಡು ಹೊಡೆಯುವುದನ್ನು ಕಲಿತೆ ಎಂದು ನಿನಗೆ ಹೇಳಿದ್ದೆ. ಕಲಿಯಲಿಲ್ಲ. ಮೊದಲ ಗುಂಡಿಗೇ ಮಣಿಕಟ್ಟು ಮೇಲಕ್ಕೆ ಹಾರಿತು, ಕಿವಿ ಗುಂಯ್ ಎಂದಿತು, ಕಣ್ಣು ತಾನಾಗಿ ಮುಚ್ಚಿಕೊಂಡಿತು. ಎದುರಿನ ಹಲಗೆಯ ಮೇಲೆ ಒಂದು ತೂತೂ ಬೀಳಲಿಲ್ಲ. ಕಲಿಸುವವನು ಮುಖ ಗಂಟಿಕ್ಕದೆ ಹೇಳಿದ: "ಸಾರ್, ಇದರ ಬ್ಯಾರೆಲ್ ಗಿಡ್ಡ. ಮೈಗೆ ಮೈ ತಾಗೋಷ್ಟು ಹತ್ರ ಬಂದವನಿಗೆ ಮಾತ್ರ ಇದು. ದೂರ ಇದ್ರೆ ಇಟ್ಕೊಂಡು ಸುಮ್ನಿರಿ." ನಾನು ಬೆಳಗಿನ ವಾಕಿಂಗ್ ಗುಂಪಿನಲ್ಲಿ ಬಂದು, ಗುರಿ ತಪ್ಪಲೇ ಇಲ್ಲ ಎಂದೆ. ಬ್ಯಾಂಕಿನಿಂದ ರಿಟೈರಾದ ನನ್ನ ಗೆಳೆಯ ಶ್ರೀಪಾದ "ಸಖತ್ ಗುರು" ಎಂದು ಬೆನ್ನು ತಟ್ಟಿದ. ಕಾಫಿ ಲೋಟ ಹಿಡಿದು ನಿಂತ ಆ ಮುದುಕರ ಗುಂಪಿನಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ. ಅವರಿಗೂ ಒಬ್ಬ ಗಂಡಸು ಬೇಕಾಗಿದ್ದ — ತಮ್ಮ ಕೈಯಲ್ಲಾಗದ್ದನ್ನೆಲ್ಲ ಆಗಿಸುವವನು. ಸಿಕ್ಕಿದ್ದು ನಾನು.

ಅದನ್ನು ಹೊತ್ತು ತಿರುಗುವುದೇ ಒಂದು ಉದ್ಯೋಗವಾಯಿತು. ಅಂಗಿ ಹೊರಗೆ ಬಿಡಬೇಕು, ಬಗ್ಗಬಾರದು, ಹೋಟೆಲಿನಲ್ಲಿ ಓರೆಯಾಗಿ ಕೂರಬೇಕು — ಇಲ್ಲದಿದ್ದರೆ ಮಸಾಲೆ ದೋಸೆಯ ಪ್ರತಿ ತುತ್ತಿಗೂ ಹಿಡಿ ಹೊಟ್ಟೆಗೆ ಒತ್ತುತ್ತದೆ. ಅದರ ಚೀಲ ಚರ್ಮದ್ದು, ಗರ್ಭಗುಡಿಯ ಹತ್ತಿರ ಕೂಡದು. ಹಾಗಾಗಿ ಬೇಗೂರಿನ ನಾಗೇಶ್ವರನ ಗುಡಿಗೆ ನೀನು ಆಸೆಪಟ್ಟು ಕರೆದುಕೊಂಡು ಹೋದಾಗಲೂ ನಾನು ಹೊರಗೇ ನಿಂತೆ. "ಬೀಗ ಹಾಕಿ ಮನೇಲಿ ಇಟ್ಟು ಬರೋಕೆ ಆಗಲ್ವಾ?" ಎಂದೆ ನೀನು. ಆಗುವುದಿಲ್ಲ ಎಂದೆ. ನೀನು ಒಬ್ಬಳೇ ಮಂಗಳಾರತಿ ತೆಗೆದುಕೊಂಡು ಬರುವವರೆಗೆ, ಐದು ಗುಂಡಿನ ವೀರ ಎರಡು ಜೊತೆ ಚಪ್ಪಲಿ ಕಾದ.

ನಿನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಆಯುಧಪೂಜೆಯ ದಿನ ಈಳಿಗೆಮಣೆ, ಕತ್ತರಿ, ಹೊಲಿಗೆ ಯಂತ್ರ, ಸ್ಕೂಟರು — ಎಲ್ಲಕ್ಕೂ ಕುಂಕುಮ ಇಟ್ಟು ಹೂ ಏರಿಸಿದೆ. ಅದೇ ಮಣೆಯ ಮೇಲಿದ್ದ ರಿವಾಲ್ವರನ್ನು ಮಾತ್ರ ದಾಟಿ ಹೋದೆ. ಯಾಕೆ ಎಂದು ಕೇಳಿದರೆ ನೀನು, "ಈಳಿಗೆ ನನಗೆ ಅನ್ನ ಹಾಕುತ್ತೆ. ಇದು ಏನ್ ಮಾಡುತ್ತೆ?" ಎಂದೆ. ಸಿಟ್ಟು ಬಂದವನ ಹಾಗೆ ನಟಿಸಿ ನಾನೇ ಕುಂಕುಮ ಇಟ್ಟೆ.

ಆಮೇಲೆ ಎಲೆಕ್ಷನ್ ಬಂತು. ಲೈಸೆನ್ಸ್ ಇರುವವರೆಲ್ಲ ಆಯುಧವನ್ನು ಸ್ಟೇಷನ್ನಿಗೆ ಒಪ್ಪಿಸಬೇಕು, ಫಲಿತಾಂಶ ಬಂದ ಮೇಲೆ ವಾಪಸು ಪಡೆಯಬೇಕು. ನಾನು ಹಲ್ಲು ಕಿತ್ತಿಸಿಕೊಂಡವನ ಹಾಗೆ ಬನಶಂಕರಿಯ ಮನೆಗೆ ವಾಪಸಾದೆ. ನೀನೋ, ಆ ವಾರಗಳಲ್ಲಿ ಹಾಡು ಗುನುಗುತ್ತಿದ್ದೆ. ಅದನ್ನಿಡುತ್ತಿದ್ದ ಬೀರುವಿನ ಬಾಗಿಲನ್ನು ಅಂಜದೆ ತೆರೆಯುತ್ತಿದ್ದೆ. ಫಲಿತಾಂಶದ ನಂತರ ಸ್ಟೇಷನ್ನಿನಿಂದ ಫೋನ್ ಬಂದಾಗ ನೀನು ಹೇಳಿದೆ: "ಇನ್ನೊಂದು ವಾರ ಅಲ್ಲೇ ಇರ್ಲಿ ಬಿಡಿ. ಏನ್ ಅರ್ಜೆಂಟು?"

"ಆಯ್ತು," ಎಂದೆ. ಮರುದಿನ ಅಂಗಡಿಗೆಂದು ಹೊರಟವನು ನೇರ ಹೋಗಿ ಅದನ್ನು ತಂದೆ. ಸೊಂಟ ಖಾಲಿ ಎನಿಸುತ್ತಿತ್ತು — ಅಷ್ಟೇ ಕಾರಣ. ಇದಕ್ಕಿಂತ ದೊಡ್ಡದೊಂದು ಕಾರಣ ಇದ್ದಿದ್ದರೆ ಈಗ ಹೇಳಲು ಚೆನ್ನಾಗಿರುತ್ತಿತ್ತು.

ಅವತ್ತೇ ಸಂಜೆ ಜಯನಗರಕ್ಕೆ ತರಕಾರಿಗೆ ಹೋದೆವು. ಮಾರ್ಕೆಟ್ಟಿನಿಂದ ಸ್ಕೂಟರ್ ನಿಲ್ಲಿಸಿದ ಅಡ್ಡರಸ್ತೆಯವರೆಗೆ ನಡಿಗೆ. ಫುಟ್‌ಪಾತ್ ಅಗೆದಿದ್ದರು, ರಸ್ತೆಯ ಬಲ ಅಂಚಿನಲ್ಲಿ ನಡೆಯುತ್ತಿದ್ದೆವು. ನಮ್ಮ ಮದುವೆಯಾದಾಗಿನಿಂದ ವಾಹನಗಳ ಕಡೆ ನಾನು, ಒಳಗಡೆ ನೀನು — ಅದು ನಾವು ಮಾತಾಡಿಕೊಳ್ಳದೆ ನಡೆಸಿಕೊಂಡು ಬಂದ ವಾಡಿಕೆ. ಅಂದು ನೀನು ಎಂದಿನಂತೆ ನನ್ನ ಬಲಕ್ಕೆ ಬಂದೆ. ಬಲಸೊಂಟದಲ್ಲಿ ಅದಿತ್ತು. ನಿನ್ನ ತೋಳು ತಗುಲಿದರೆ ಸುಳ್ಳು ಬಯಲಾಗುತ್ತದೆ. "ಈ ಕಡೆ ಬಾ," ಎಂದು ನಿನ್ನನ್ನು ಎಡಕ್ಕೆ, ರಸ್ತೆಯ ಕಡೆಗೆ, ದಾಟಿಸಿಕೊಂಡೆ. ನೀನು ಯಾಕೆಂದು ಕೇಳಲಿಲ್ಲ. ನನ್ನ ಎಡಗೈ ಹಿಡಿದುಕೊಂಡೆ.

ಈ ಭಾಗ — ಇದನ್ನು ನಿನ್ನ ಮುಂದೆ ಹೇಗೆ ಹೇಳಲಿ ಎಂದು — ಇರಲಿ, ಹೇಳುತ್ತೇನೆ.

ಬೈಕು ಎದುರಿನಿಂದ ಬಂತು. ಹಿಂದೆ ಕೂತವನ ಕೈ ನಿನ್ನ ಕತ್ತಿಗೆ ಬಿತ್ತು. ಸರ ತಕ್ಷಣ ಹರಿಯಲಿಲ್ಲ, ನೀನು ಹಿಂದಕ್ಕೆ ವಾಲಿದೆ. ನನ್ನ ಎಡಗೈಯನ್ನು ಎರಡೂ ಕೈಯಿಂದ ಹಿಡಿದು "ರೀ" ಎಂದೆ. ಆ ಎಳೆತಕ್ಕೆ ನನ್ನ ಅಂಗಿ ಮೇಲಕ್ಕೆ ಸರಿಯಿತು, ಚರ್ಮದ ಚೀಲ ಸಡಿಲವಾಗಿ ರಿವಾಲ್ವರ್ ಜಾರುವ ಹಾಗಾಯಿತು. ಬಲಗೈಯಲ್ಲಿ ತರಕಾರಿ ಚೀಲ. ನಾನು ಎಡಗೈಯನ್ನು ನಿನ್ನ ಹಿಡಿತದಿಂದ ಕಿತ್ತುಕೊಂಡೆ, ಪದ್ಮಾ. ಕಿತ್ತುಕೊಂಡು ಸೊಂಟವನ್ನು ಒತ್ತಿ ಹಿಡಿದೆ. ಹೊರಗೆ ತೆಗೆಯಲು ಅಲ್ಲ. ಯಾರಿಗೂ ಕಾಣಬಾರದೆಂದು.

ಹಿಡಿದಿದ್ದರೆ ಸರ ಮಾತ್ರ ಹೋಗುತ್ತಿತ್ತು. ಬಿಟ್ಟದ್ದರಿಂದ ನೀನೂ ಬೈಕಿನ ಜೊತೆ ಹೋದೆ, ಒಂದಿಷ್ಟು ದೂರ, ಎಡಭುಜದ ಮೇಲೆ. ಭುಜ ಮುರಿದ ಸದ್ದು ನನಗೆ ಕೇಳಿಸಿತು. ನೀನು ಬಿದ್ದ ಮೇಲೂ ನಾನು ಮೊದಲು ಅಂಗಿ ಸರಿಮಾಡಿಕೊಂಡೆ, ನಂತರ ಓಡಿ ಬಂದೆ. ಬದನೆಕಾಯಿಯ ಚೀಲ ಕೂಡ ಕೈಯಲ್ಲೇ ಇತ್ತು. ಹೆಂಡತಿಯ ಕೈ ಬಿಟ್ಟೆ, ಬದನೆಕಾಯಿ ಬಿಡಲಿಲ್ಲ.

ಗುಂಡು ಹಾರಿಸಲಿಲ್ಲ ಎಂದು ನನಗೆ ಪಶ್ಚಾತ್ತಾಪವಿಲ್ಲ. ಒಂದು ಸರಕ್ಕಾಗಿ ಯಾರದೋ ಮಗನ ಮೇಲೆ ಗುಂಡು ಹಾರಿಸಿದ್ದರೆ ಇನ್ನೂ ನೀಚನಾಗುತ್ತಿದ್ದೆ — ಅದೂ ನನ್ನ ಗುರಿಗೆ ದಾರಿಯಲ್ಲಿ ಹೋಗುವವರು ಯಾರಾದರೂ ಸಾಯುತ್ತಿದ್ದರು. ಬೇಕಾಗಿದ್ದದ್ದು ರಿವಾಲ್ವರೇ ಅಲ್ಲ. ಒಂದು ಕೈ. ಅದು ಎಲ್ಲ ಗಂಡಂದಿರಿಗೂ ಇರುತ್ತದೆ, ಲೈಸೆನ್ಸ್ ಕೇಳುವುದಿಲ್ಲ.

ಜನ ಸೇರಿದರು. ನೀನು ನೋವಿನಲ್ಲೂ ಆ ಸಾಕ್ಷಿ ಹೇಳಿದೆ. ಆಮೇಲೆ ನನ್ನ ಕಡೆ ತಿರುಗಿ, "ನಾನೇ ಬೇಡ ಅಂದೆ ಅಲ್ವಾ. ಅಲ್ಲೇ ಇರ್ಲಿ ಅಂದೆ," ಎಂದೆ. ಆ ಕ್ಷಣದಲ್ಲಿ ನಾನು ಬಾಯಿ ಬಿಡಬಹುದಿತ್ತು. ಬಿಟ್ಟೆ. "ಇದ್ದಿದ್ರೆ ಅವರನ್ನ ಬಿಡ್ತಿರಲಿಲ್ಲ," ಎಂದೆ. ಸುತ್ತ ನಿಂತವರು ಪಾಪ ಎಂದರು.

ಆಸ್ಪತ್ರೆಯಲ್ಲಿ ನಿನಗೆ ಎಕ್ಸ್‌ರೇ ತೆಗೆಯುವಾಗ ಅದನ್ನು ಸ್ಕೂಟರಿನ ಸೀಟಿನ ಕೆಳಗೆ ಬಚ್ಚಿಟ್ಟೆ. ಕಂಪ್ಲೇಂಟ್ ಕೊಟ್ಟದ್ದು ಜಯನಗರದಲ್ಲಿ, ರಿವಾಲ್ವರ್ ಒಪ್ಪಿಸಿ ವಾಪಸು ಪಡೆದದ್ದು ಬನಶಂಕರಿಯ ಸ್ಟೇಷನ್ನಿನಲ್ಲಿ. ಯಾರೂ ತಾಳೆ ಹಾಕಲಿಲ್ಲ. ನೀನು ಮನೆಗೆ ಬಂದ ಮೇಲೆ ಒಂದು ದಿನ, ಸ್ಟೇಷನ್ನಿಗೆ ಹೋಗಿ ಬರುತ್ತೇನೆ ಎಂದು ಹೇಳಿ ಹೊರಟೆ. ಹೋಟೆಲಿನಲ್ಲಿ ಎರಡು ಇಡ್ಲಿ ತಿಂದು, ಕೈ ತೊಳೆದು, ಸೀಟಿನ ಕೆಳಗಿನಿಂದ ಅದನ್ನು ತೆಗೆದು ನಿನ್ನ ಮುಂದೆ ತಂದಿಟ್ಟೆ. ನೀನು ಅತ್ತೆ. "ಇನ್ಮೇಲೆ ಯಾವತ್ತೂ ಬಿಟ್ಟು ಹೋಗಬೇಡಿ," ಎಂದೆ.

ನಿನ್ನ ಎಡಗೈ ಆಮೇಲೆ ಭುಜಕ್ಕಿಂತ ಮೇಲೆ ಏಳಲೇ ಇಲ್ಲ. ತಲೆ ಬಾಚಿಕೊಳ್ಳಲಾಗದೆ ಜಡೆ ಕತ್ತರಿಸಿಕೊಂಡೆ. ಕೇಳಿದವರಿಗೆ ಸೆಕೆ ಎಂದೆ. ಮುಂದಿನ ಆಯುಧಪೂಜೆಯಲ್ಲಿ ನೀನು ಮೊದಲ ಕುಂಕುಮ ಇಟ್ಟದ್ದು ರಿವಾಲ್ವರಿಗೆ, ಆಮೇಲೆ ಈಳಿಗೆಗೆ. ಅಕ್ಷತೆ ಹಾಕಿ ಕೈ ಮುಗಿದೆ. ತಪ್ಪಾಯಿತು ಎಂದು ಅದರ ಕ್ಷಮೆ ಕೇಳುವವಳ ಹಾಗಿತ್ತು ನಿನ್ನ ಮುಖ. ಅದನ್ನು ನೋಡಿಯೂ ನಾನು ಗಂಟೆ ಬಾರಿಸಿದೆ.

ಅವತ್ತು ಮಧ್ಯಾಹ್ನ ಊಟಕ್ಕೆ ಬಂದ ಶ್ರೀಪಾದ ನಗುತ್ತ ಹೇಳಿದ: "ಅತ್ತಿಗೆ ಒಂದು ವಾರ ತಡೆದ್ರು ನೋಡು, ಇಲ್ಲಾಂದ್ರೆ ನಮ್ಮ ಗುರು ಅವತ್ತು ಒಬ್ಬನ ಕಾಲಾದ್ರೂ ತೆಗೀತಿದ್ದ." ನೀನು ತಲೆ ತಗ್ಗಿಸಿ ಅವನಿಗೆ ಒಬ್ಬಟ್ಟು ಬಡಿಸಿದೆ, ಒಂದೇ ಕೈಯಲ್ಲಿ. ನಾನು ತುಪ್ಪ ಹಾಕಿಸಿಕೊಂಡೆ. ರಸ್ತೆಯ ಮೇಲೆ ಕೈ ಬಿಟ್ಟದ್ದು ಹೆದರಿಕೆಯಿಂದ, ಅದಕ್ಕೆ ಯೋಚಿಸಲು ಸಮಯವಿರಲಿಲ್ಲ. ಊಟದ ಮುಂದೆ ಬೇಕಾದಷ್ಟು ಸಮಯವಿತ್ತು. ನನ್ನ ತಪ್ಪನ್ನು ನಿನ್ನ ಎಲೆಗೆ ಬಡಿಸಿ ನಾನು ಉಂಡೆ. ನನ್ನ ಬಗ್ಗೆ ನನಗೆ ಅಸಹ್ಯ ಹುಟ್ಟಿದ್ದು ಜಯನಗರದ ರಸ್ತೆಯಲ್ಲಿ ಅಲ್ಲ, ಆ ತುಪ್ಪದ ಮುಂದೆ.

ಈಗ ಮತ್ತೊಂದು ಎಲೆಕ್ಷನ್ ಮುಗಿದಿದೆ. ಮತ್ತೆ ಅದು ಸ್ಟೇಷನ್ನಿನಲ್ಲಿದೆ, ಈ ಸಲ ನಿಜವಾಗಿ. ನಿನ್ನೆ ಫೋನ್ ಬಂತು. ನೀನು ಬೆಳಿಗ್ಗೆಯೇ ಸೀರೆ ಉಟ್ಟು ತಯಾರಾಗಿದ್ದೀಯ: "ಇವತ್ತೇ ತಂದ್ಬಿಡಿ. ನಾನೂ ಬರ್ತೀನಿ. ಈ ಸಲ ನಾನು ಏನೂ ಅನ್ನಲ್ಲ." ಅವತ್ತಿನಿಂದ ನೀನು ರಸ್ತೆಯಲ್ಲಿ ನನ್ನ ಎಡಕ್ಕೇ ನಡೆಯುತ್ತೀಯ, ವಾಹನಗಳ ಕಡೆಯಾದರೂ. ಚೀಲವನ್ನೂ ನನ್ನ ಕೈಯಿಂದ ತೆಗೆದುಕೊಳ್ಳುತ್ತೀಯ. "ನಿಮ್ಮ ಬಲಗೈ ಖಾಲಿ ಇರ್ಲಿ," ಅನ್ನುತ್ತೀಯ, ಕಾವಲಿನವನಿಗೆ ಅನುಕೂಲವಾಗಲೆಂದು. ಒಳ್ಳೆಯ ಒಂದು ಕೈಯಲ್ಲಿ ಚೀಲ ಹೊತ್ತು, ಬೈಕುಗಳ ಕಡೆಗೆ ನೀನು. ಒಳಗಡೆ ಭದ್ರವಾಗಿ ನಾನು.

ಇದನ್ನು ಬರೆದು ಮೇಜಿನ ಮೇಲಿಟ್ಟು ವಾಕಿಂಗಿಗೆ ಜಾರಿಕೊಳ್ಳೋಣ ಅನ್ನಿಸಿತು. ಅದು ನನ್ನ ಸ್ವಭಾವಕ್ಕೆ ಸರಿಯಾಗಿಯೇ ಇದೆ. ಆದರೆ ಹಾಗೆ ಮಾಡುವುದಿಲ್ಲ. ನಿನ್ನ ಎದುರು ಕೂತು ಇದನ್ನು ಓದುತ್ತೇನೆ. ಆಮೇಲೆ ಸ್ಟೇಷನ್ನಿಗೆ ಹೋಗುವುದು ಅದನ್ನು ತರಲು ಅಲ್ಲ, ಇನ್ನು ಬೇಡ ಎಂದು ಲೈಸೆನ್ಸನ್ನೂ ಒಪ್ಪಿಸಿ ಬರಲು. ಶ್ರೀಪಾದನಿಗೂ ಆ ಕಾಫಿ ಲೋಟಗಳಿಗೂ ನಾನೇ ಹೇಳುತ್ತೇನೆ. ನೀನು ನನ್ನ ಜೊತೆ ಬರುತ್ತೀಯೋ ಇಲ್ಲವೋ, ಗೊತ್ತಿಲ್ಲ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ನೀನು ಬಾಗಿಲ ಹತ್ತಿರ ನಿಂತು ಚಪ್ಪಲಿ ಮೆಟ್ಟುತ್ತಿದ್ದೀಯ. ತರಕಾರಿ ಚೀಲ ಈಗಾಗಲೇ ನಿನ್ನ ಬಲಗೈಯಲ್ಲಿದೆ. ಅದನ್ನು ಕೆಳಗಿಟ್ಟು ಒಂದು ಗಳಿಗೆ ಒಳಗೆ ಬಾ, ಪದ್ಮಾ, ಇಲ್ಲಿ ಕೂತುಕೋ. ನೀನು ಬೇಡ ಅಂದದ್ದು ಸರಿಯಾಗಿಯೇ ಇತ್ತು. ಕೈ ಬಿಟ್ಟವನು ನಾನು.