ಕೂದಲೆಳೆಯಷ್ಟು ಬೆಳಕು

ರಾಜ್ಯ ಒಂದಾದ ಹೊಸತರಲ್ಲಿ ಯಶವಂತಪುರದಲ್ಲಿ ರೈಲಿಳಿದೆ. ಆ ದಿನ ಯಾರೂ ನನ್ನ ಹೆಸರು ಕೇಳಲಿಲ್ಲ. ಕುಡಿಯಲು ನೀರು ಕೊಟ್ಟ ಹೋಟೆಲಿನವರೂ ಕೇಳಿದ್ದು, “ಕಾರ್ಡ್ ಐತಾ?” ಎಂದು. ನಮ್ಮ ಗದಗಿನ ಕಡೆ ಹೊಸಬನನ್ನು ಯಾರ ಮಗ ಎಂದು ಕೇಳುತ್ತಾರೆ. ಇಲ್ಲಿ ಉದ್ಯೋಗ ವಿನಿಮಯ ಕಚೇರಿಯ ಕಾರ್ಡೇ ಕುಲ, ಗೋತ್ರ. ಅದಿಲ್ಲದವನಿಗೆ ಕಾರ್ಖಾನೆಯ ಗೇಟು ತೆರೆಯುತ್ತಿರಲಿಲ್ಲ.

ಕೊಡಿಗೇಹಳ್ಳಿಯ ಮುನಿಸ್ವಾಮಣ್ಣ ತಮ್ಮ ದನದ ಕೊಟ್ಟಿಗೆಗೆ ಗೋಡೆ ಎಬ್ಬಿಸಿ ನನಗೆ ಬಾಡಿಗೆಗೆ ಕೊಟ್ಟರು. ಹೊಲ ಕಾರ್ಖಾನೆಗೆ ಹೋದ ಮೇಲೆ ದನ ಮಾರಿದ್ದರು. ಹೊಲ ಕೊಟ್ಟ ಮನೆಗೊಂದು ಕೆಲಸ ಎಂದು ಮಾತಾಗಿತ್ತು. ಆದರೆ ಕೆಲಸಕ್ಕೆ ಸೇರುವ ಪರೀಕ್ಷೆ ಎಲ್ಲರಿಗೂ ಒಂದೇ. ನಾನು ಹುಬ್ಬಳ್ಳಿಯಲ್ಲಿ ಫಿಟ್ಟರ್ ಕೆಲಸ ಕಲಿತು ಬಂದವನು. ಒಂದು ಸಂಜೆ ಅವರು ಕಬ್ಬಿಣ ಉಜ್ಜುವ ಅರವೊಂದನ್ನು ತಂದು, ಕಲಿಸು ಎಂದರು.

ಅರ ಮುಂದೆ ತಳ್ಳಿದಾಗ ಕೊಯ್ಯುತ್ತದೆ. ಅವರು ಕುಡುಗೋಲಿನಂತೆ ಹಿಂದಕ್ಕೆ ಎಳೆಯುತ್ತಿದ್ದರು.

“ತಳ್ಳ್ರೀ ಅಣ್ಣಾ, ಜಗ್ಗಬ್ಯಾಡ್ರಿ.”

“ಇಪ್ಪತ್ತು ವರ್ಸ ಕುಡ್ಲು ಎಳ್ದಿರೋ ಕೈ ಕಣಪ್ಪಾ, ನಿನ್ ಮಾತು ಎಲ್ ಕೇಳ್ತದೆ?”

ಅವರ ಹೆಂಡತಿ ಅಕ್ಕಯ್ಯಮ್ಮ ಒಲೆಯ ಮುಂದಿನಿಂದಲೇ, “ಮೇಷ್ಟ್ರಿಗೆ ಮುದ್ದೆ ನುಂಗಕ್ಕೇ ಬರಲ್ಲ, ಅಗೀತಾ ಕುಂತವ್ರೆ. ಒಳ್ಳೆ ಜೋಡಿ!” ಎಂದು ನಗುತ್ತಿದ್ದರು. ಜೋಳದ ರೊಟ್ಟಿಯ ಬಾಯಿ ನನ್ನದು. ಮುದ್ದೆ ನುಂಗಲು ಕಲಿಯುವುದಕ್ಕೆ ಒಂದು ತಿಂಗಳು ಹಿಡಿಯಿತು. ಅರ ತಳ್ಳಲು ಕಲಿಯುವುದಕ್ಕೆ ಮುನಿಸ್ವಾಮಣ್ಣನವರ ಕೈಗೆ ಪರೀಕ್ಷೆಗೆ ಮುಂಚೆ ಸಿಕ್ಕಿದ್ದು ಹನ್ನೊಂದು ದಿನ.

ಪರೀಕ್ಷೆಯಲ್ಲಿ ಉಜ್ಜಿದ ಕಬ್ಬಿಣದ ತುಂಡಿಗೆ, ಮೂಲೆ ನೇರವಿದೆಯೇ ಎಂದು ನೋಡುವ ಮೂಲೆಮಟ್ಟ ಒತ್ತಿ ಕಿಟಕಿಗೆ ಹಿಡಿಯುತ್ತಾರೆ. ನಡುವೆ ಬೆಳಕು ಕಂಡರೆ ಕೆಲಸವಿಲ್ಲ. ನನ್ನದರಲ್ಲಿ ಕಾಣಲಿಲ್ಲ. ಮುನಿಸ್ವಾಮಣ್ಣನವರದರಲ್ಲಿ ಕೂದಲೆಳೆಯಷ್ಟು ಕಂಡಿತು. ಅವರು ತಾವೂ ಬಗ್ಗಿ ನೋಡಿ, “ಔದು, ಕಾಣ್ತದೆ” ಎಂದರು. ಜಗಳವಾಡಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ.

ಅವರನ್ನು ಕಾರ್ಖಾನೆಯ ತೋಟದ ಕೆಲಸಕ್ಕೆ ಹಾಕಿದರು. ಹೊಲ ಕೊಟ್ಟವರಿಗೆ ಮೂರು ತಿಂಗಳು ಕಲಿಸಿ ಆಮೇಲೆ ಪರೀಕ್ಷೆ ಮಾಡುವ ನಿಯಮ ಮರುವರ್ಷ ಬಂತು. ಆ ಹೊತ್ತಿಗೆ ಅದರ ವಯಸ್ಸಿನ ಮಿತಿಯನ್ನು ಅವರು ದಾಟಿದ್ದರು. ನಿಯಮ ಮಾಡಿದವರು ಕೆಟ್ಟವರಲ್ಲ, ಒಂದು ವರ್ಷ ತಡ ಮಾಡಿದರು.

ಈಗ ನನ್ನದು ಕಾಯಂ ಕೆಲಸ. ನಾನು ನಿಂತು ಅರ ತಳ್ಳುವ ಜಾಗದಲ್ಲಿ ಹಿಂದೆ ಮುನಿಸ್ವಾಮಣ್ಣನವರ ಅವರೆ ಸಾಲು ಇತ್ತಂತೆ. ಊರಿಗೆ ಹೋದರೆ ‘ಬೆಂಗಳೂರಾಂವ ಬಂದ’ ಎನ್ನುತ್ತಾರೆ. ಇಲ್ಲಿ ಮೊನ್ನೆ ಹೊಸ ಕಾವಲುಗಾರ ಗೇಟಿನಲ್ಲಿ ತಡೆದು, ಯಾವೂರು ಎಂದು ಕೇಳಿದ. ನಾನು ಗದಗ ಎನ್ನುವಷ್ಟರಲ್ಲಿ, ಗಿಡಗಳಿಗೆ ನೀರು ಹಾಕುತ್ತಿದ್ದ ಮುನಿಸ್ವಾಮಣ್ಣ ಕೂಗಿದರು: “ಬಿಡಪ್ಪೋ, ಅವ್ನು ನಮ್ಮ ಒಲದೋನು!”

ಆ ಹೊಲ ಈಗ ಅವರದಲ್ಲ, ನನ್ನದೂ ಅಲ್ಲ. ಆದರೂ ಅವರ ಮಾತಿನ ಮೇಲೆಯೇ ಗೇಟು ತೆರೆಯಿತು. ನಾನು ತಲೆ ತಗ್ಗಿಸಿ ಒಳಗೆ ಹೋದೆ.